ಹನ್ನೆರಡು ಕಿಲೋಮೀಟರ್ ದಾರಿ

2025ರ ಜನವರಿ, ಸಂಕ್ರಾಂತಿ ಕಳೆದ ಮರುವಾರ. ಬೆಳಗಿನ ಆರೂವರೆಗೆ ನೆಲಮಂಗಲದ ನಮ್ಮ ಮನೆಯ ಗೇಟು ತೆಗೆದು ಎರಡು ಸೈಕಲ್ಲುಗಳನ್ನು ಬೀದಿಗೆ ಇಳಿಸಿದೆವು. ಎದುರು ಮನೆಯ ದೊಡ್ಡಮ್ಮ ರಂಗೋಲಿ ಹಾಕುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು:

"ಇಬ್ರೂ ಎಲ್ಲಿಗೆ ಹೊರಟ್ರಿ? ಹಾಲಿಗಾ?"

"ಇಲ್ಲ ದೊಡ್ಡಮ್ಮ, ಮಾಗಡಿಗೆ."

"ಯಾಕೆ, ಬಸ್ಸು ನಿಂತೋಯ್ತಾ?"

ಬಸ್ಸು ನಿಂತಿರಲಿಲ್ಲ. ಮನೆಯಲ್ಲಿ ಸ್ಕೂಟರೂ ಇತ್ತು. ಆದರೂ 62 ವರ್ಷದ ಒಬ್ಬ ಗಂಡಸು, 57 ವರ್ಷದ ಒಬ್ಬ ಹೆಂಗಸು ಸೈಕಲ್ ಕ್ಯಾರಿಯರಿಗೆ ರೆಕ್ಸಿನ್ ಚೀಲ ಕಟ್ಟಿಕೊಂಡು ನಾಲ್ಕು ದಿನದ ಪ್ರವಾಸಕ್ಕೆ ಹೊರಟಿದ್ದೇಕೆ ಎಂದು ದೊಡ್ಡಮ್ಮನಿಗೆ ಅಲ್ಲೇ ನಿಂತು ವಿವರಿಸಲು ಸಾಧ್ಯವಿರಲಿಲ್ಲ. ಅದನ್ನು ವಿವರಿಸಲೆಂದೇ ಈ ಬರಹ. ಇದನ್ನು ನಾವಿಬ್ಬರೂ ಕೂಡಿ ಬರೆದಿದ್ದೇವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದ್ದಾರೆ, ಕೆಲವು ಕಡೆ ಹೊಡೆದೂ ಹಾಕಿದ್ದಾರೆ. ಹೊಡೆದು ಹಾಕಬಾರದೆಂದು ಜಗಳವಾಡಿ ಉಳಿಸಿಕೊಂಡ ಮಾತುಗಳೂ ಇವೆ.

ಮೊದಲು ಸೈಕಲ್ಲಿನ ಹಿಂದಿನ ಕಥೆ ಹೇಳಬೇಕು. ನಮ್ಮಲ್ಲಿ ಗಂಡನಾದವನಿಗೆ ಸೈಕಲ್ ಎಂದರೆ ಬಡತನ. 1982ರಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸಕ್ಕೆ ಸೇರಿದಾಗ ಅವನು ಕಂತಿನ ಮೇಲೆ ಒಂದು ಅಟ್ಲಾಸ್ ಸೈಕಲ್ ಕೊಂಡ. ನೆಲಮಂಗಲದಿಂದ ಪೀಣ್ಯಕ್ಕೆ ಹೋಗುತ್ತ ಸುಮಾರು 15 ಕಿಲೋಮೀಟರು, ಬರುತ್ತ 15. ತುಮಕೂರು ರಸ್ತೆಯಲ್ಲಿ ಆಗ ಶಿಫ್ಟು ಬದಲಾಗುವ ಹೊತ್ತಿಗೆ ಸೈಕಲ್ಲುಗಳ ಸಾಲೇ ಸಾಲು. ಕ್ಯಾರಿಯರಿನಲ್ಲಿ ಊಟದ ಡಬ್ಬಿ, ರಾತ್ರಿ ಪಾಳಿಯವರಿಗೆ ಡೈನಮೋ ದೀಪ. ಮಳೆ ಬಂದರೆ ಗೊಬ್ಬರದ ಚೀಲವೇ ಕೊಪ್ಪೆ. ಹದಿನಾಲ್ಕು ವರ್ಷ ಹಾಗೆ ತುಳಿದ ಮೇಲೆ 1996ರಲ್ಲಿ ಹಳೆಯ ಸ್ಕೂಟರೊಂದನ್ನು ಕೊಂಡ ದಿನ ಅವನು ಸೈಕಲ್ಲನ್ನು ಹಿತ್ತಲ ಗೋಡೆಗೆ ಒರಗಿಸಿ, "ನಿನ್ನ ಸಹವಾಸ ಸಾಕು" ಎಂದು ಕೈಮುಗಿದದ್ದು ನಿಜ. ಗೆದ್ದವನ ಹಾಗೆ ಅಂದು ಊರೆಲ್ಲ ಸುತ್ತಿದ.

ಹೆಂಡತಿಯಾದವಳಿಗೆ ಸೈಕಲ್ ಎಂದರೆ ಬೇರೆಯೇ. ಅವಳ ತವರಿನ ಬೀದಿಯಲ್ಲಿ ಗಂಟೆಗೆ 50 ಪೈಸೆಗೆ ಬಾಡಿಗೆ ಸೈಕಲ್ ಕೊಡುವ ಅಂಗಡಿಯಿತ್ತು. ಅಣ್ಣಂದಿರು ಒಳಪೆಡಲು ಹಾಕಿ ಕಲಿತರು. ಇವಳು ಹಿಂದಿನಿಂದ ಓಡುತ್ತಿದ್ದಳು, ಸೀಟು ಹಿಡಿದು ತಳ್ಳುತ್ತಿದ್ದಳು. ಹತ್ತುವ ಸರದಿ ಮಾತ್ರ ಬರಲಿಲ್ಲ. ಹುಡುಗಿ ಸೈಕಲ್ ಹತ್ತಿದರೆ ಆಗುವುದು ಹೋಗುವುದು ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ. "ಬೇಡ" ಎಂದರು, ಅಷ್ಟೇ.

ಮದುವೆಯಾಗಿ ಮೂರು ವರ್ಷಕ್ಕೆ, 1991ರಲ್ಲಿ, ಅವಳಿಗೆ ತ್ಯಾಮಗೊಂಡ್ಲು ಹೋಬಳಿಯ ಹಳ್ಳಿಯೊಂದರ ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮನೆಯಿಂದ 12 ಕಿಲೋಮೀಟರು. ಬೆಳಿಗ್ಗೆ ಹೋಗಲು ಬಸ್ಸಿತ್ತು. ಸಂಜೆಯ ಬಸ್ಸು ಶಾಲೆ ಬಿಡುವ ಮೊದಲೇ ಹೊರಟುಹೋಗುತ್ತಿತ್ತು. ಅದು ತಪ್ಪಿದರೆ ರಾತ್ರಿ ಏಳಕ್ಕೆ ಇನ್ನೊಂದು. ಜೊತೆಯ ಶಿಕ್ಷಕರೊಬ್ಬರು, "ಒಂದು ಲೇಡಿಸ್ ಸೈಕಲ್ ತಗೊಳಮ್ಮ, ಒಂದು ಗಂಟೆ ದಾರಿ" ಎಂದರು. ಆ ಮಾತನ್ನು ಅವಳು ಮನೆಗೆ ತಂದಳು. ದಿನಕ್ಕೆ 30 ಕಿಲೋಮೀಟರು ಸೈಕಲ್ ತುಳಿಯುತ್ತಿದ್ದ ಗಂಡ ಹೇಳಿದ: "ಹೆಂಡತೀನ ಸೈಕಲ್ ಹತ್ತಿಸಿ ದುಡಿಯೋಕೆ ಕಳ್ಸೋನು ಅಂತ ಊರೋರು ನನ್ನ ಆಡ್ಕೋಬೇಕಾ?" ಎರಡು ತಿಂಗಳು ರಾತ್ರಿ ಎಂಟಕ್ಕೆ ಮನೆ ಸೇರಿದ ಮೇಲೆ ಅವಳು ಕೆಲಸ ಬಿಟ್ಟಳು. ಮತ್ತೆ ಅಂಥ ಕೆಲಸ ಸಿಗಲಿಲ್ಲ. ಮಗ ಹುಟ್ಟಿದ, ಮನೆಯಲ್ಲೇ ಮನೆಪಾಠ ಶುರುವಾಯಿತು. ಆ ವಿಷಯ ಮುಗಿಯಿತು ಎಂದು ಗಂಡ ತಿಳಿದುಕೊಂಡ. ಮೂವತ್ತೆರಡು ವರ್ಷ ಹಾಗೆಯೇ ತಿಳಿದುಕೊಂಡಿದ್ದ.

2023ರ ಮೇ ತಿಂಗಳಲ್ಲಿ ನಾವು ಇಂಗ್ಲೆಂಡಿಗೆ ಹೋದೆವು. ಮಗ ಡರ್ಬಿ ಎಂಬ ಊರಿನಲ್ಲಿ ಇಂಜಿನಿಯರ್. ಎರಡು ತಿಂಗಳು ಇದ್ದು ಬನ್ನಿ ಎಂದು ಟಿಕೆಟು ಕಳಿಸಿದ್ದ. ಒಂದು ಶನಿವಾರ ಅವನು ನಮ್ಮನ್ನು ಆಶ್‌ಬರ್ನ್ ಎಂಬ ಪೇಟೆಗೆ ಕರೆದುಕೊಂಡು ಹೋದ. ಅಲ್ಲಿಂದ ಟಿಸಿಂಗ್ಟನ್ ಟ್ರೇಲ್ ಎಂಬ ದಾರಿ ಹೊರಡುತ್ತದೆ. ಅದು ಮೊದಲು ರೈಲು ಹಾದಿ. 1960ರ ದಶಕದಲ್ಲಿ ರೈಲು ನಿಂತ ಮೇಲೆ ಹಳಿ ಕಿತ್ತು, 1971ರಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟರು. ಉದ್ದ 13 ಮೈಲಿ, ಎಂದರೆ ಸುಮಾರು 21 ಕಿಲೋಮೀಟರು. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಎದೆ ಒಡೆಯುವ ಏರು ಇಲ್ಲ. ಎರಡೂ ಕಡೆ ಸುಣ್ಣಕಲ್ಲಿನ ಗೋಡೆಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದವು. ನಮ್ಮ ಕಡೆಯ ಹೊಲದ ಕಲ್ಲುಕಟ್ಟಡದ ಹಾಗೆಯೇ. ಆಚೆ ಹುಲ್ಲುಗಾವಲು, ಕುರಿ, ಮರಿ.

ಅಲ್ಲಿ ಬಾಡಿಗೆಗೆ ಸೈಕಲ್ ಸಿಗುತ್ತದೆ. ಹೆಂಡತಿಗೆ ಸೈಕಲ್ ಬರುವುದಿಲ್ಲವೆಂದು ಮಗ ನಮಗೆ ಇಬ್ಬರು ಒಟ್ಟಿಗೆ ತುಳಿಯುವ ಉದ್ದನೆಯ ಜೋಡಿ ಸೈಕಲ್ ಕೊಡಿಸಿದ. ಮುಂದೆ ಗಂಡ, ಹಿಂದೆ ಹೆಂಡತಿ. ಹಿಂದೆ ಕೂತವರು ತುಳಿದರೆ ಸಾಕು, ಹ್ಯಾಂಡಲ್ ತಿರುಗಿಸುವ ಹೊಣೆಯಿಲ್ಲ. ಮೊದಲ ಅರ್ಧ ಗಂಟೆ ಬಯ್ಗುಳದಲ್ಲಿ ಕಳೆಯಿತು. ಆಮೇಲೆ ಕಾಲುಗಳು ಹೊಂದಿಕೊಂಡವು. ಟಿಸಿಂಗ್ಟನ್ ಹಳ್ಳಿಯಲ್ಲಿ ಇಳಿದು ನೋಡಿದರೆ ಬಾವಿಗಳಿಗೆ ಅಲಂಕಾರ! ಹಲಗೆಯ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಹೂವಿನ ಎಸಳು, ಎಲೆಗಳನ್ನು ಒತ್ತಿ ಚಿತ್ರ ಬರೆದು ಬಾವಿಯ ಮುಂದೆ ನಿಲ್ಲಿಸಿದ್ದರು. ಪ್ರತಿ ವರ್ಷ ಕ್ರೈಸ್ತರ ಅಸೆನ್ಷನ್ ಹಬ್ಬದ ಹೊತ್ತಿಗೆ ಅಲ್ಲಿ ಹೀಗೆ ಮಾಡುತ್ತಾರಂತೆ. "ಗಂಗೆ ಪೂಜೆ ಇವರಲ್ಲೂ ಐತೆ ನೋಡ್ರೀ" ಎಂದಳು ಹೆಂಡತಿ.

ದಾರಿಯಲ್ಲಿ ಕಂಡ ಜನರೇ ನಮಗೆ ದೊಡ್ಡ ನೋಟ. ಎಪ್ಪತ್ತು ದಾಟಿದ ಗಂಡಹೆಂಡಿರು, ಸೈಕಲ್ಲಿನ ಎರಡೂ ಪಕ್ಕ ಚೀಲ ಇಳಿಬಿಟ್ಟುಕೊಂಡು, ವಾರಗಟ್ಟಲೆ ಊರೂರು ತಿರುಗುವವರು. ಅವರಿಗಿದು ಹೊಸದಲ್ಲ. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿದ್ದು 1878ರಲ್ಲಿ. 1884ರಲ್ಲಿ ಜೋಸೆಫ್ ಪೆನೆಲ್, ಎಲಿಜಬೆತ್ ಪೆನೆಲ್ ಎಂಬ ಅಮೆರಿಕದ ದಂಪತಿ ಲಂಡನ್ನಿನಿಂದ ಕ್ಯಾಂಟರ್ಬರಿಗೆ ಜೋಡಿ ಮೂರುಚಕ್ರದ ಸೈಕಲ್ಲಿನಲ್ಲಿ ಹೋಗಿ ಪುಸ್ತಕವನ್ನೇ ಬರೆದರು. ಅದೇ ಶತಮಾನದ ಕೊನೆಯಲ್ಲಿ ಇನ್ನೊಂದು ಅಮೆರಿಕದ ದಂಪತಿ, ಫ್ಯಾನಿ ಮತ್ತು ವಿಲಿಯಂ ವರ್ಕ್‌ಮನ್, ನಮ್ಮ ಹಿಂದೂಸ್ತಾನದಲ್ಲೇ ಸೈಕಲ್ ಮೇಲೆ ತಿರುಗಿದರು. 1904ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ 14,000 ಮೈಲಿಯ ಲೆಕ್ಕವಿದೆ. ಇದನ್ನೆಲ್ಲ ಮಗ ಹೇಳಿದ. ಪರದೇಶದ ಹೆಣ್ಣುಮಗಳೊಬ್ಬಳು ನೂರಿಪ್ಪತ್ತೈದು ವರ್ಷದ ಹಿಂದೆ ನಮ್ಮ ದೇಶದ ದಾರಿಗಳಲ್ಲಿ ಸೈಕಲ್ ತುಳಿದಿದ್ದಾಳೆ. ನಮ್ಮ ಮನೆಯ ಹೆಣ್ಣುಮಗಳು ನೆಲಮಂಗಲದ ಸಂತೆ ಬೀದಿಯಲ್ಲಿ ತುಳಿದಿರಲಿಲ್ಲ. ಉಳ್ಳವರ ಲೆಕ್ಕವೇ ಬೇರೆ ಎಂದು ಗಂಡ ಗೊಣಗಿದ. ಅದೂ ನಿಜವೇ. ಆದರೆ ಅಷ್ಟೇ ನಿಜವಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಹಳೆಯ ಸಿಗ್ನಲ್ ಮನೆಯೊಂದರ ಹತ್ತಿರ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದಾಗ ಪಕ್ಕದಲ್ಲಿದ್ದ ಮುದುಕಿ ನಮ್ಮ ಜೋಡಿ ಸೈಕಲ್ ನೋಡಿ ನಗುತ್ತ ಹೆಂಡತಿಯನ್ನು ಏನೋ ಕೇಳಿದರು. ಮಗ ಕನ್ನಡದಲ್ಲಿ ಹೇಳಿದ: "ವಾಪಸ್ ಹೋಗುವಾಗ ಮುಂದೆ ಕೂರೋ ಸರದಿ ನಿಮ್ಮದಲ್ವಾ ಅಂತ ಕೇಳ್ತಿದಾರೆ ಅಮ್ಮ." ಹೆಂಡತಿ ಚಪಾತಿ ಮುರಿಯುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ನಂಗೆ ಬರಲ್ಲ ಅಂತ ಹೇಳು. ಕಲಿಯೋಕೆ ಬಿಡ್ಲಿಲ್ಲ ಅಂತ ಹೇಳಬೇಡ." ಮಗನಿಗೆ ಅರ್ಥವಾಗಲಿಲ್ಲ. ಗಂಡನಿಗೆ ಆಯಿತು. ಹಿಂದಿರುಗುವ ದಾರಿ ಪೂರ್ತಿ ಇಳಿಜಾರು, ಕಾಲಿಗೆ ಕೆಲಸವಿಲ್ಲ. ಆದರೂ ನಾವಿಬ್ಬರೂ ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಆ ವರ್ಷದ ದಸರಾ ಹೊತ್ತಿಗೆ ಒಂದು ಲೇಡಿಸ್ ಸೈಕಲ್ ಮನೆಗೆ ಬಂತು. ಶಾಲೆಯ ಮೈದಾನದಲ್ಲಿ ಬೆಳಗಿನ ಐದೂವರೆಗೆ ಅಭ್ಯಾಸ. ಕಲಿಸುವ ಉತ್ಸಾಹ ಗಂಡನಿಗಿತ್ತು, ತಾಳ್ಮೆ ಇರಲಿಲ್ಲ. "ಮುಂದೆ ನೋಡು, ಚಕ್ರ ನೋಡಬೇಡ" ಎಂದು ಕೂಗಿ ಕೂಗಿ ಅವಳು ಮೂರನೇ ದಿನ ಸೈಕಲ್ ಬಿಟ್ಟು ಮನೆಗೆ ನಡೆದಳು. ಕೊನೆಗೆ ಕಲಿಸಿದವನು ಪಕ್ಕದ ಬೀದಿಯ ಒಂಬತ್ತು ವರ್ಷದ ಹುಡುಗ. ಅವನಿಗೆ ಬಯ್ಯಲು ಬರುತ್ತಿರಲಿಲ್ಲ. "ಬಿದ್ರೆ ಬೀಳಿ ಆಂಟಿ, ಮಣ್ಣೇ ಅಲ್ವಾ" ಎನ್ನುತ್ತಿದ್ದ. ಬಿದ್ದಳು. ಮೊಣಕೈ ತರಚಿತು. ವಾಕಿಂಗಿಗೆ ಬರುವವರು ನಿಂತು ನಕ್ಕರು, ಕೆಲವರು ಬುದ್ಧಿ ಹೇಳಿದರು. ಇಪ್ಪತ್ತೆರಡನೇ ದಿನ ಹುಡುಗ ಸೀಟು ಬಿಟ್ಟದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಮೈದಾನದ ಆ ತುದಿ ಮುಟ್ಟಿ ತಿರುಗಿ ನೋಡಿದರೆ ಹುಡುಗ ಈ ತುದಿಯಲ್ಲಿ ಕುಣಿಯುತ್ತಿದ್ದ.

ಆಮೇಲೆ ಒಂದು ವರ್ಷ ಹತ್ತಿರದ ಹಳ್ಳಿಗಳಿಗೆ ಹೋಗಿಬಂದು ಕಾಲು ಗಟ್ಟಿ ಮಾಡಿಕೊಂಡೆವು. ಹಿತ್ತಲ ಗೋಡೆಯ ಅಟ್ಲಾಸಿಗೆ ಹೊಸ ಟೈರು, ಹೊಸ ಚೈನು ಬಂತು. ಅದನ್ನು ಮಾಡಿದ ಕಂಪನಿ 2020ರಲ್ಲಿ ಉಳಿದಿದ್ದ ತನ್ನ ಕಾರ್ಖಾನೆಯನ್ನೂ ನಿಲ್ಲಿಸಿತು, ಅದೂ ಜೂನ್ 3ರ ವಿಶ್ವ ಸೈಕಲ್ ದಿನದ ಹೊತ್ತಿಗೆ. ಸೈಕಲ್ ಮಾತ್ರ ಓಡುತ್ತಿದೆ.

ಇಷ್ಟಾದ ಮೇಲೆ ಆ ಜನವರಿಯ ಬೆಳಿಗ್ಗೆ. ನೆಲಮಂಗಲದಿಂದ ಹೊರಡುವ ಸೈಕಲ್ಲಿನವರಿಗೆ ಮೊದಲ ಕಂಟಕ ನೆಲಮಂಗಲವೇ. ತುಮಕೂರಿನ ಕಡೆಯ ಹೆದ್ದಾರಿಯೂ ಹಾಸನದ ಕಡೆಯ ಹೆದ್ದಾರಿಯೂ ಇಲ್ಲೇ ಕವಲೊಡೆಯುತ್ತವೆ. ಹಿಂದೆ ಸೈಕಲ್ ಸಾಲು ಹೋಗುತ್ತಿದ್ದ ರಸ್ತೆಯಲ್ಲಿ ಈಗ ಟೋಲ್ ಗೇಟು, ಮೇಲ್ಸೇತುವೆ, ಎದೆ ನಡುಗಿಸುವ ಟ್ರಕ್ಕುಗಳು. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂತು. ಒಳ್ಳೆಯದೇ. ಆದರೆ ಇಷ್ಟೆಲ್ಲ ಅಗಲವಾದ ರಸ್ತೆಯಲ್ಲಿ ಸೈಕಲ್ಲಿಗೆಂದು ಮೂರಡಿ ಜಾಗ ಬಿಡಬೇಕೆಂದು ಯಾರಿಗೂ ಹೊಳೆದಿಲ್ಲ. ಜೀವ ಕೈಯಲ್ಲಿ ಹಿಡಿದು ಹೆದ್ದಾರಿಯ ಗದ್ದಲ ದಾಟಿ ಸೊಂಡೆಕೊಪ್ಪದ ದಾರಿ ಹಿಡಿದ ಮೇಲೆಯೇ ಉಸಿರು ಬಂತು.

ಸೊಂಡೆಕೊಪ್ಪದಿಂದ ತಾವರೆಕೆರೆ, ಅಲ್ಲಿಂದ ಮಾಗಡಿ ರಸ್ತೆ. ನೀಲಗಿರಿ ತೋಪು, ಲೇಔಟಿನ ಬಣ್ಣದ ಕಮಾನು, ಮತ್ತೆ ರಾಗಿ ಹೊಲ, ಮತ್ತೆ ಲೇಔಟು. ಸ್ಕೂಟರಿನಲ್ಲಿ ಎಷ್ಟೋ ಸಲ ಹೋದ ದಾರಿ. ಆದರೆ ಸ್ಕೂಟರಿನಲ್ಲಿ ಏರು ಎಲ್ಲಿದೆ, ಇಳಿಜಾರು ಎಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಸೈಕಲ್ಲಿನಲ್ಲಿ ಭೂಮಿಯ ಬೆನ್ನು ಕಾಲಿಗೆ ತಿಳಿಯುತ್ತದೆ. ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ಇತ್ತ ಹರಿದು ಬಂದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. 1930ರ ದಶಕದಲ್ಲಿ ಅಲ್ಲಿ ಕಟ್ಟಿದ ಜಲಾಶಯದ ನೀರನ್ನೇ ಬೆಂಗಳೂರು ಬಹುಕಾಲ ಕುಡಿಯಿತು. ಆಮೇಲೆ ಊರಿನ ಕೊಳೆ, ಕಾರ್ಖಾನೆಗಳ ಕೊಳೆ ಹರಿದು ಬಂದು ಅದೇ ನೀರು ಕುಡಿಯಲು ಬಾರದಂತಾಯಿತು. ನಮ್ಮ ನಾಲ್ಕು ದಿನದ ದಾರಿ ಹೆಚ್ಚುಕಡಿಮೆ ಆ ಬಡ ಹೊಳೆಯ ಸೀಮೆಯನ್ನೇ ಸುತ್ತುವ ದಾರಿ.

ತಾವರೆಕೆರೆ ದಾಟಿದ ಮೇಲೆ ಹೆಂಡತಿಯ ಹಿಂದಿನ ಚಕ್ರ ಪಂಚರಾಯಿತು. ಮೊದಲಾದರೆ ಪ್ರತಿ ಊರಿನ ಬಾಗಿಲಲ್ಲಿ ಒಂದು ಸೈಕಲ್ ಅಂಗಡಿ, ಮುರುಕು ಬೋಗುಣಿಯಲ್ಲಿ ನೀರು, ಕೊಂಬೆಗೆ ತೂಗುಬಿಟ್ಟ ಹಳೆಯ ಟೈರು. ಈಗಿನ ಪಂಚರ್ ಅಂಗಡಿಯ ಹುಡುಗರಿಗೆ ಸೈಕಲ್ ಟ್ಯೂಬು ಕಂಡರೆ ಅಚ್ಚರಿ. ನಾವೇ ಪ್ಯಾಚ್ ಹಾಕಿಕೊಂಡೆವು. ಮಾಗಡಿ ಮುಟ್ಟುವ ಹೊತ್ತಿಗೆ ಅದು ಮತ್ತೆ ಗಾಳಿ ಬಿಟ್ಟಿತ್ತು. ಪೇಟೆಯ ಒಳಬೀದಿಯೊಂದರಲ್ಲಿ ಹಳೆಯ ಸೈಕಲ್ ಶಾಪು ಸಿಕ್ಕಿದ್ದು ನಮ್ಮ ಪುಣ್ಯ. ಎಪ್ಪತ್ತರ ಆಸುಪಾಸಿನ ಸಾಹೇಬರು, ಬಿಳಿ ಗಡ್ಡ, ಕೈಯೆಲ್ಲ ಗ್ರೀಸು. ಟ್ಯೂಬು ಬಿಚ್ಚುತ್ತ ಕೇಳಿದರು: "ಇದು ಯಾರ ಗಾಡಿ?" ಹೆಂಡತಿ "ನಂದೇ ಭಾಯಿ" ಎಂದಳು. ಅವರು ಕೆಲಸ ನಿಲ್ಲಿಸಿದರು.

"ನಲವತ್ತು ವರ್ಷ ಬಾಡಿಗೆಗೆ ಸೈಕಲ್ ಕೊಟ್ಟಿದೀನಿ ತಾಯಿ. ಈ ಊರಿನ ಗಂಡುಮಕ್ಕಳೆಲ್ಲ ನನ್ನ ಸೈಕಲ್ಲಲ್ಲಿ ಬಿದ್ದೇ ಕಲಿತೋರು. ಹೆಣ್ಣುಮಕ್ಕಳು ಬಂದು ನಿಂತು ನೋಡೋರು. ಕೇಳ್ತಿರಲಿಲ್ಲ, ನಾನೂ ಕೊಡ್ತಿರಲಿಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳು ಎಲ್ಲಿ ಕಲಿತರು ಗೊತ್ತಾ? ರಾತ್ರಿ ಶಟರ್ ಎಳೆದ ಮೇಲೆ, ಈ ಅಂಗಡಿ ಒಳಗೇ. ಗೋಡೆ ಹಿಡ್ಕೊಂಡು ಐದಡಿ ಆ ಕಡೆ, ಐದಡಿ ಈ ಕಡೆ. ಬೀದಿಗೆ ಬಿಡೋ ಧೈರ್ಯ ನಂಗೇ ಬರಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಮೊಮ್ಮಗಳು ಕಾಲೇಜಿಗೆ ಸ್ಕೂಟಿಲಿ ಹೋಗ್ತಾಳೆ. ನಾನು ಏನೂ ಹೇಳಲ್ಲ" ಎಂದು ನಕ್ಕರು. ಹೊಸ ಟ್ಯೂಬಿನ ದುಡ್ಡು ಮಾತ್ರ ತೆಗೆದುಕೊಂಡರು, ಕೂಲಿ ಮುಟ್ಟಲಿಲ್ಲ. ಗಂಡನಿಗೆ ಆ ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಸೈಕಲ್ ಮಾರುವವನಿಗೇ ಇಲ್ಲದ ಧೈರ್ಯ ತನಗೆಲ್ಲಿಂದ ಬರಬೇಕಿತ್ತು ಎಂದು ಒಂದು ಸಮಾಧಾನ. ಆದರೂ ಅವರು ಶಟರ್ ಎಳೆದಾದರೂ ಕಲಿಸಿದರಲ್ಲ ಎಂಬ ಇನ್ನೊಂದು ಮಾತು ಅದರ ಹಿಂದೆಯೇ.

ಜನವರಿಯ ಮಾಗಡಿ ಎಂದರೆ ಅವರೆಕಾಯಿ. ಸೊಗಡಿನ ಕಾಯಿಯ ರಾಶಿಗಳ ನಡುವೆ ಸೈಕಲ್ ನೂಕಿಕೊಂಡು ಹೋಗುವುದೇ ಒಂದು ಸುಖ. ಎರಡನೆಯ ದಿನ ಸಾವನದುರ್ಗಕ್ಕೆ ಹೋಗಿಬಂದೆವು. ಒಂದೇ ಕಲ್ಲಿನ ಬೆಟ್ಟ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಬೆಂಗಳೂರು 1638ರಲ್ಲಿ ಬಿಜಾಪುರದವರ ಕೈಸೇರಿದ ಮೇಲೆ ಕೆಂಪೇಗೌಡರ ವಂಶದವರಿಗೆ ಮಾಗಡಿಯೇ ನೆಲೆ, ಈ ದುರ್ಗವೇ ರಕ್ಷೆ. 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಕೈಯಲ್ಲಿದ್ದ ಈ ಕೋಟೆಯನ್ನು ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಬೆಟ್ಟದ ಬುಡದಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ. ಅಲ್ಲೇ ಒಂದು ದರ್ಗಾ. ಗುಡಿಗೆ ಬಂದವರು ದರ್ಗಾಕ್ಕೂ ಸಕ್ಕರೆ ಕೊಟ್ಟು ಹೋಗುತ್ತಿದ್ದರು. ನಾವು ಬೆಟ್ಟ ಹತ್ತಲಿಲ್ಲ. ಮರದ ನೆರಳಿನಲ್ಲಿ ಬುತ್ತಿ ಉಂಡು, ಬಂಡೆಯ ಮೇಲೆ ಮೋಡದ ನೆರಳು ಸರಿಯುವುದನ್ನು ನೋಡುತ್ತ ಮಲಗಿದೆವು. ಮದುವೆಯಾದ ಮೇಲೆ ಹೀಗೆ ಕೆಲಸವಿಲ್ಲದೆ ಇಬ್ಬರೂ ಒಂದು ಮಧ್ಯಾಹ್ನ ಕಳೆದದ್ದು ಯಾವಾಗ ಎಂದು ಲೆಕ್ಕ ಹಾಕಿದೆವು. ಸಿಗಲಿಲ್ಲ.

ಮೂರನೆಯ ದಿನ ಕುದೂರಿನ ದಾರಿ. ಹಳ್ಳಿಯೊಂದರ ಹತ್ತಿರ ಟಾರು ರಸ್ತೆಯ ಮೇಲೆಯೇ ಹುರುಳಿ ಸೊಪ್ಪು ಹರಡಿದ್ದರು. ಗಾಡಿಗಳ ಚಕ್ರಕ್ಕೆ ಸಿಕ್ಕಿ ಒಕ್ಕಣೆಯಾಗಲಿ ಎಂದು. ಕಣ ಮಾಡುವವರಿಲ್ಲ, ಎತ್ತುಗಳಿಲ್ಲ. ರಸ್ತೆಯೇ ಕಣ. ಕಾರಿಗೆ ಅದು ಏನೂ ಅಲ್ಲ, ಸೈಕಲ್ಲಿಗೆ ಜಾರುಬಂಡೆ. ಮುಂದೆ ಹೋಗುತ್ತಿದ್ದ ಹೆಂಡತಿ ಬ್ರೇಕ್ ಹಿಡಿದಳು, ಚಕ್ರ ಜಾರಿ ಪಕ್ಕಕ್ಕೆ ಬಿದ್ದಳು. ಅಂಗೈ ಕಿತ್ತು ರಕ್ತ. ಹುರುಳಿ ತಿರುವುತ್ತಿದ್ದ ಹೆಂಗಸು ಕೋಲು ಎಸೆದು ಓಡಿಬಂದಳು.

"ಅಯ್ಯೋ ಅಕ್ಕಾ, ನಮ್ಮಿಂದ ಬಿದ್ಬುಟ್ರಲ್ಲಾ! ಈ ವಯಸ್ನಾಗೆ ಯಾಕಕ್ಕಾ ಇದೆಲ್ಲ? ಅಣ್ಣಾವ್ರೂ ಅವ್ರೆ, ಒಂದು ಗಾಡಿ ಮಾಡ್ಸಬಾರ್ದಾ?"

ಮನೆಗೆ ಕರೆದೊಯ್ದು ಗಾಯ ತೊಳೆದು ಅರಿಶಿನ ಮೆತ್ತಿದಳು. ಬೆಲ್ಲದ ಕಾಫಿ ಕೊಟ್ಟಳು. ಗಂಡ ಹೆದರಿಬಿಟ್ಟಿದ್ದ. "ಇನ್ನು ಸಾಕು, ಟೆಂಪೋದಲ್ಲಿ ಹಾಕ್ಕೊಂಡು ಊರಿಗೆ ಹೋಗೋಣ" ಎಂದ. ಹೆಂಡತಿ ಮಾತೇ ಆಡಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಸೈಕಲ್ಲಿನ ಹ್ಯಾಂಡಲ್ ನೆಟ್ಟಗೆ ಮಾಡತೊಡಗಿದಳು. ಆಗ ಶಾಲೆ ಬಿಟ್ಟು ಮೂವರು ಹುಡುಗಿಯರು ಎರಡು ಸೈಕಲ್ಲಿನಲ್ಲಿ ಬಂದರು. ಅದರಲ್ಲೊಂದು ಸರ್ಕಾರ ಕೊಟ್ಟ ಹಳೆಯ ಸೈಕಲ್. ಅಕ್ಕನಿಗೆ ಸಿಕ್ಕಿದ್ದಂತೆ, ಈಗ ತಂಗಿಗೆ.

ಇದನ್ನು ಸ್ವಲ್ಪ ಹೇಳಲೇಬೇಕು. 2006-07ರಿಂದ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಅದರ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ರಾಜಕೀಯವೂ ಇತ್ತು. ಆದರೆ ಹಳ್ಳಿ ರಸ್ತೆಗಳಲ್ಲಿ ಜಡೆ ಹಾಕಿದ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುವ ನೋಟ ನಮಗೆ ಸಾಮಾನ್ಯವಾದದ್ದು ಆ ವರ್ಷಗಳಲ್ಲೇ. "ಜನ ಏನಂತಾರೆ" ಎಂಬ ಮಾತು ಸರ್ಕಾರ ಸೈಕಲ್ ಕೊಟ್ಟ ಕೂಡಲೇ ಎಷ್ಟು ಬೇಗ ಸತ್ತಿತು! ಒಬ್ಬಳು ಹೊರಟರೆ ಬೆರಳು ತೋರಿಸುವ ಊರು, ಮೂವತ್ತು ಹುಡುಗಿಯರು ಒಟ್ಟಿಗೆ ಹೊರಟರೆ ಸುಮ್ಮನಾಗುತ್ತದೆ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದು ನಾಡಿಗೆಲ್ಲ ತಿಳಿಸಿದರು. ಅಲ್ಲಿ ಕೂಲಿಯ ಹೆಂಗಸರು ಸೈಕಲ್ ಹತ್ತಿದ ಕಾಲವೂ, ಇಲ್ಲಿ ನಮ್ಮ ಮನೆಯಲ್ಲಿ "ಬೇಡ" ಎಂದ ಕಾಲವೂ ಒಂದೇ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಇಲ್ಲಿಯ ಯೋಜನೆ ಕೋವಿಡ್ ಬಂದ ಮೇಲೆ ನಿಂತುಹೋಯಿತು.

ಹುಡುಗಿಯರು ಹೆಂಡತಿಯ ಕೈಯ ಗಾಯ ನೋಡಿ, "ಆಂಟಿ, ಹುರುಳಿ ಮೇಲೆ ಬ್ರೇಕ್ ಹಿಡೀಬಾರ್ದು, ಸುಮ್ನೆ ನೆಟ್ಟಗೆ ಬಿಟ್ಬಿಡ್ಬೇಕು" ಎಂದು ಪಾಠ ಹೇಳಿದರು. ತಮ್ಮ ಹಳ್ಳಿಯವರೆಗೆ ಜೊತೆಯಲ್ಲೇ ಬಂದರು. ಗಂಡ ಹಿಂದಿನಿಂದ ನೋಡಿದ. ನಾಲ್ವರು ಹೆಣ್ಣುಮಕ್ಕಳು ಮಾತಾಡುತ್ತ ಹೋಗುತ್ತಿದ್ದರು. ತಾನು ಆ ಗುಂಪಿನವನಲ್ಲ ಎಂದು ಅವನಿಗೆ ಅನ್ನಿಸಿತು. ಈ ವಾಕ್ಯವನ್ನು ಅವನೇ ಬರೆದದ್ದು.

ಆ ರಾತ್ರಿ ಶಿವಗಂಗೆಯ ಬುಡದಲ್ಲಿ ತಂಗಿದೆವು. ಪೂರ್ವದಿಂದ ನೋಡಿದರೆ ನಂದಿಯಂತೆ, ದಕ್ಷಿಣದಿಂದ ಲಿಂಗದಂತೆ, ಪಶ್ಚಿಮದಿಂದ ಗಣಪನಂತೆ, ಉತ್ತರದಿಂದ ಹಾವಿನಂತೆ ಕಾಣುವ ಬೆಟ್ಟ ಎಂದು ನಮ್ಮ ಕಡೆ ಚಿಕ್ಕಂದಿನಿಂದ ಕೇಳುತ್ತೇವೆ. ಬಸ್ಸಿನಲ್ಲಿ ಬಂದವರಿಗೆ ಒಂದೇ ಮುಖ. ಸೈಕಲ್ಲಿನಲ್ಲಿ ಬೆಟ್ಟವನ್ನು ಅರ್ಧ ಸುತ್ತು ಹಾಕಿದ ನಮಗೆ ಅದು ತಿರುಗುತ್ತ, ಮುಖ ಬದಲಿಸುತ್ತ ಕಂಡಿತು. ಒಂದೇ ಬೆಟ್ಟ. ನೋಡುವವರು ನಿಂತ ಜಾಗವಷ್ಟೇ ಬೇರೆ.

ನಾಲ್ಕನೆಯ ದಿನ ದಾಬಸ್‌ಪೇಟೆಗೆ ಇಳಿದೆವು. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಹೊತ್ತ ಊರು, ಈಗ ಕಾರ್ಖಾನೆಗಳ ಊರು. ಅಲ್ಲಿಂದ ಹೆದ್ದಾರಿಯಲ್ಲೇ ಬಂದರೆ ಮನೆ ಹತ್ತಿರ. ಆದರೆ ಹೆಂಡತಿ ಕೇಳದೆಯೇ ತ್ಯಾಮಗೊಂಡ್ಲು ಕಡೆಗೆ ತಿರುಗಿಸಿದಳು. ಆ ದಾರಿಯಲ್ಲಿ ಗಂಗರ ಕಾಲದ ಮಾನ್ಯಪುರ, ಈಗಿನ ಮಣ್ಣೆ, ಸ್ವಲ್ಪವೇ ದೂರ. ಅದನ್ನು ನೋಡೋಣವೆಂದು ಮನೆಯಲ್ಲಿ ಮಾತಾಡಿಕೊಂಡಿದ್ದೆವು. ನೋಡಲಿಲ್ಲ. ಅವಳು ಎಲ್ಲಿಗೆ ಹೋಗುತ್ತಿದ್ದಾಳೆಂದು ಗಂಡನಿಗೆ ಗೊತ್ತಾಗಿತ್ತು.

ಆ ಹಳ್ಳಿ ಬದಲಾಗಿದೆ. ಹೆಂಚಿನ ಶಾಲೆಯಿದ್ದ ಜಾಗದಲ್ಲಿ ಬೇರೆಯದೇ ಕಟ್ಟಡ. ಶಾಲೆ ಯಾವಾಗ ಮುಚ್ಚಿತೆಂದು ಅರಳೀಕಟ್ಟೆಯಲ್ಲಿ ಕೂತವರಿಗೂ ಸರಿಯಾಗಿ ನೆನಪಿಲ್ಲ. ಬಸ್ಸಿಗೆ ಕಾದು ನಿಲ್ಲುತ್ತಿದ್ದ ಹುಣಸೆಮರ ಮಾತ್ರ ಇದೆ. ಹೆಂಡತಿ ಅದರ ಕೆಳಗೆ ಸೈಕಲ್ ನಿಲ್ಲಿಸಿ ನೀರು ಕುಡಿದಳು. ಅತ್ತಳು ಎಂದು ಓದುವವರು ತಿಳಿಯುವುದು ಬೇಡ. ಅಳಲಿಲ್ಲ. ಮೊಬೈಲ್ ತೆಗೆದು ಸಮಯ ನೋಡಿಕೊಂಡಳು. "ನಡೀರಿ, ಬಿಸಿಲೇರುತ್ತೆ" ಎಂದಳು.

ಮನೆಯ ಗೇಟಿನ ಮುಂದೆ ಇಳಿದು ಮತ್ತೆ ಸಮಯ ನೋಡಿದಳು.

"ಐವತ್ತೈದು ನಿಮಿಷ" ಎಂದಳು. "ಐವತ್ತೇಳನೇ ವಯಸ್ಸಲ್ಲಿ, ಗಾಯದ ಕೈಯಲ್ಲಿ, ಐವತ್ತೈದು ನಿಮಿಷ. ಅಷ್ಟೇ ಇದ್ದದ್ದು ಕಣ್ರೀ."

ಗಂಡ ಹೇಳಲು ಏನೇನೋ ಸಿದ್ಧ ಮಾಡಿಕೊಂಡಿದ್ದ. ಆಗಿನ ಕಾಲ ಹಾಗಿತ್ತು, ದುಡ್ಡಿರಲಿಲ್ಲ, ಅಪ್ಪ ಬದುಕಿದ್ದರು ಎಂದು. ಯಾವುದೂ ಬಾಯಿಗೆ ಬರಲಿಲ್ಲ. "ತಪ್ಪಾಯ್ತು ಕಣೇ" ಎಂದ. "ಗೊತ್ತು" ಎಂದು ಅವಳು ಬೀಗ ತೆಗೆದಳು. ಇದನ್ನು ಬರೆಯುವುದು ಬೇಡ ಎಂದು ಗಂಡ, ಬೇಕು ಎಂದು ಹೆಂಡತಿ, ಎರಡು ದಿನ ಜಗಳವಾಯಿತು. ಕೊನೆಗೆ ಉಳಿಯಿತು. ಕ್ಷಮಿಸಿದ್ದಾಳೆಯೇ ಎಂದರೆ, "ಅದು ನಮ್ಮ ಮನೆ ವಿಷಯ, ಅದನ್ನ ಬರೀಬೇಡಿ" ಎಂದಿದ್ದಾಳೆ.

ಲೆಕ್ಕ ಹಾಕಿದರೆ ನಾವು ಸುತ್ತಿದ್ದು ಸುಮಾರು 130 ಕಿಲೋಮೀಟರು. ಇಂಗ್ಲೆಂಡಿನ ಆ ದಂಪತಿಗಳಿಗೆ ಇದು ಎರಡು ದಿನದ ಮಾತು. ಅವರಿಗೆ ರೈಲು ಹಳಿ ಕಿತ್ತ ದಾರಿಯಿದೆ. ನಮಗೂ ಕೆರೆ ಏರಿಗಳಿವೆ, ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿದಾರಿಗಳಿವೆ. ಅವು ಲೇಔಟಿನ ಕಾಂಪೌಂಡಿನೊಳಗೆ ಮುಚ್ಚಿಹೋಗುವ ಮೊದಲು ಶಾಲೆಗೆ ಹೋಗುವ ಮಕ್ಕಳಿಗಾದರೂ ಬಿಟ್ಟುಕೊಡಬಹುದಲ್ಲವೇ? ಸೈಕಲ್ ಪ್ರವಾಸ ಉಳ್ಳವರ ಶೋಕಿಯಿರಬಹುದು. ಸೈಕಲ್ ದಾರಿ ಶೋಕಿಯಲ್ಲ. ಒಂದು ಹೆಣ್ಣುಮಗಳ ಕೆಲಸ ಉಳಿಯುವುದೋ ಹೋಗುವುದೋ ಎಂಬುದು ಎಷ್ಟೋ ಸಲ ಹನ್ನೆರಡು ಕಿಲೋಮೀಟರು ದಾರಿಯ ಪ್ರಶ್ನೆ. ಆ ದಾರಿಯನ್ನು ಕೆಲವೊಮ್ಮೆ ಸರ್ಕಾರ ಮುಚ್ಚುತ್ತದೆ, ಕೆಲವೊಮ್ಮೆ ಮನೆಯೊಳಗಿನವರೇ ಮುಚ್ಚುತ್ತಾರೆ.

ಈಗ ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ನಮ್ಮ ಬೀದಿಯ ಇನ್ನೂ ಇಬ್ಬರು ಹೆಂಗಸರು ಬರುತ್ತಿದ್ದಾರೆ. ಒಬ್ಬರಿಗೆ ನಲವತ್ತು, ಇನ್ನೊಬ್ಬರಿಗೆ ಐವತ್ತೆರಡು. ಕಲಿಸುವುದು ಹೆಂಡತಿ. ಸೀಟು ಹಿಡಿದು ಓಡುವ ಕೆಲಸ ಗಂಡನದು. ಬಯ್ಯಬಾರದು ಎಂಬುದು ಕರಾರು.